‘ಕ್ಲಾಸು ಎರಡನೇ ಮಹಡಿಯಲ್ಲಿ, ನಿಮ್ಮ ಮಗನಿಗೆ ಕಷ್ಟ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ಮಗನಿಗೆ 18 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ವಾಕರ್ ಹಿಡಿದು ನಡೆಯುತ್ತಾನೆ. ಮಾತು ನಿಧಾನ, ಬರವಣಿಗೆ ಇನ್ನೂ ನಿಧಾನ. ಈ ಸಲ ಪಿಯುಸಿ ಕಾಮರ್ಸ್ ಪಾಸಾದ. ಬಿ.ಕಾಂ. ಸೇರಿಸೋಣ ಅಂತ ಊರಿನ ಕಾಲೇಜಿಗೆ ಹೋದರೆ, ‘ಕ್ಲಾಸು ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಪಾಪ, ಅವನಿಗೆ ಕಷ್ಟ. ಮನೆಯಲ್ಲೇ ಕೂತು ಓದುವ ಕೋರ್ಸ್ ಮಾಡಿಸಿ’ ಅಂದರು. ಅವರು ಹೇಳಿದ್ದೂ ಸರಿಯೇನೋ ಅನಿಸುತ್ತಿದೆ.
– ಒಬ್ಬ ತಾಯಿ, ತಿಪಟೂರು

ಉತ್ತರ: ಸರಿ ಅಲ್ಲ ಅಮ್ಮ. ಕಟ್ಟಡಕ್ಕಿರುವ ತೊಂದರೆಯನ್ನು ನಿಮ್ಮ ಮಗನ ತಲೆಗೆ ಕಟ್ಟಿದ್ದಾರೆ. ಮನೆಯಲ್ಲಿ ಕೂತು ಓದುವುದು ಅವನಿಗೆ ಇಷ್ಟ ಇದ್ದರೆ ಆ ಮಾತು ಬೇರೆ. ಆದರೆ ಅವನು ಕಾಲೇಜಿಗೇ ಹೋಗಬೇಕು ಅಂದುಕೊಂಡಿದ್ದಾನೆ, ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ನೋಡಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಓಡಾಡುವ ಹಾಗೆ ಮಾಡಬೇಕು, ಆ ವಿದ್ಯಾರ್ಥಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ ಅದು. ಸರ್ಕಾರಿ ಮತ್ತು ಅನುದಾನಿತ ಕಾಲೇಜಾದರೆ 32ನೇ ಸೆಕ್ಷನ್ ಪ್ರಕಾರ ಕನಿಷ್ಠ ಶೇ 5ರಷ್ಟು ಸೀಟು ಮೀಸಲು. ಇದಕ್ಕೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲವಾದರೆ ಮೊದಲು ಅದನ್ನು ಮಾಡಿಸಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದಕ್ಕೆ ಸಹಾಯ ಮಾಡುತ್ತಾರೆ.

ಇನ್ನು ಮಹಡಿಯ ವಿಷಯ. ಕೆಲವು ವರ್ಷದ ಹಿಂದೆ ವೀಲ್‌ಚೇರ್ ಬಳಸುವ ಒಬ್ಬ ಹುಡುಗಿಯ ಜೊತೆ ನಾನೂ ಒಂದು ಕಾಲೇಜಿಗೆ ಹೋಗಿದ್ದೆ. ಇದೇ ಉತ್ತರ ಬಂತು. ನಾವು ಜಗಳ ಆಡಲಿಲ್ಲ. ಟೈಮ್‌ಟೇಬಲ್ ತರಿಸಿ ಅಂದೆವು. ಪ್ರಾಂಶುಪಾಲರ ಮೇಜಿನ ಮೇಲೆ ಅದನ್ನು ಹರಡಿಕೊಂಡು, ಕೆಳಗಿನ ಮಹಡಿಯ ಯಾವ ಕೋಣೆ ಯಾವಾಗ ಖಾಲಿ ಇರುತ್ತದೆ ಅಂತ ಬೆರಳಿಟ್ಟು ನೋಡಿದೆವು. ಒಂದು ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದರು. ಅಟೆಂಡರ್ ಮತ್ತು ನಾಲ್ಕು ಹುಡುಗರು ಸೇರಿ ಮಧ್ಯಾಹ್ನದೊಳಗೆ ಖಾಲಿ ಮಾಡಿದರು. ಹೊಸ್ತಿಲಿಗೆ ಗಾರೆಯವರೊಬ್ಬರು ಅರ್ಧ ಮೂಟೆ ಸಿಮೆಂಟಿನಲ್ಲಿ ಇಳಿಜಾರು ಹಾಕಿಕೊಟ್ಟರು. ಅವಳ ಇಡೀ ಸೆಕ್ಷನ್ ಕೆಳಗೆ ಬಂತು. ಅವಳೊಬ್ಬಳನ್ನೇ ಕೆಳಗೆ ಕೂರಿಸಿ ನೋಟ್ಸ್ ತಂದುಕೊಡುವುದಲ್ಲ, ನೆನಪಿಡಿ. ಕ್ಲಾಸು ಅಂದರೆ ಪಕ್ಕದಲ್ಲಿ ಕೂರುವ ಗೆಳೆಯರೂ ಸೇರಿ ತಾನೆ?

ಟಾಯ್ಲೆಟ್ ಬಗ್ಗೆ ಮೊದಲ ದಿನವೇ ಕೇಳಿ. ಸಂಕೋಚ ಬೇಡ. ವಾಕರ್ ಒಳಗೆ ಹೋಗುತ್ತದಾ, ಹಿಡಿದುಕೊಳ್ಳಲು ಕಂಬಿ ಇದೆಯಾ, ವೆಸ್ಟರ್ನ್ ಕಮೋಡ್ ಇದೆಯಾ ನೋಡಿ. ಇದಿಲ್ಲ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಒಂದು ಲೋಟ ನೀರೂ ಕುಡಿಯದೆ ಕೂರುವ ಮಕ್ಕಳನ್ನು ನಾನು ಕಂಡಿದ್ದೇನೆ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಪರೀಕ್ಷೆಗೆ ಸ್ಕ್ರೈಬ್, ಅಂದರೆ ಅವನು ಹೇಳಿದ್ದನ್ನು ಬರೆದುಕೊಡುವವರನ್ನು, ತೆಗೆದುಕೊಳ್ಳಬಹುದು. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ. ಆದರೆ ಸ್ಕ್ರೈಬ್‌ನನ್ನು ಪರೀಕ್ಷೆಯ ಹಿಂದಿನ ದಿನ ಹುಡುಕಬೇಡಿ. ನಿಮ್ಮ ಮಗನ ಮಾತಿಗೆ ಕಿವಿ ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ. ಇಬ್ಬರೂ ನಾಲ್ಕೈದು ಸಲ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ನೋಡಲಿ. ಬ್ಯಾಲೆನ್ಸ್ ಶೀಟಿನ ಗೆರೆ ಎಲ್ಲಿ ಎಳೆಯಬೇಕು, ಯಾವ ಅಂಕಿ ಯಾವ ಕಡೆ ಬರಬೇಕು ಅಂತ ಬಾಯಲ್ಲಿ ಹೇಳಿ ಬರೆಸುವುದಕ್ಕೆ ಒಳ್ಳೆಯ ಅಭ್ಯಾಸ ಬೇಕು.

ಇದೆಲ್ಲವನ್ನೂ ಒಂದು ಪುಟದ ಅರ್ಜಿ ಮಾಡಿ. ಎರಡು ಪ್ರತಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಸುಮ್ನೆ ಬಾಯಿ ಮಾತಿನಲ್ಲಿ ‘ಆಗಲ್ಲ’ ಅನ್ನುವವರು ಬರೆದುಕೊಡಿ ಅಂದಾಗ ಯೋಚನೆ ಮಾಡುತ್ತಾರೆ. ಆಗಲೂ ಒಪ್ಪದಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯನ್ನು ಕಾಣಿ. ಅದರ ಮೇಲೆ, ಇದೇ ಕಾಯ್ದೆಯಡಿ ನೇಮಕವಾದ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಒಂದು ಕೋರಿಕೆ. ಅರ್ಜಿಯನ್ನು ನಿಮ್ಮ ಮಗನೇ ಕೊಡಲಿ, ಅವನೇ ಮಾತಾಡಲಿ. ಅವನು ತಡವರಿಸಿದಾಗ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. ಕಾಯುವುದು ನಿಮಗೆ ಕಷ್ಟ, ಗೊತ್ತು. ಆದರೆ ನಾಳೆ ಲೆಕ್ಚರರ್ ಹತ್ತಿರ ‘ಸರ್, ನಂಗೆ ಇನ್ನೊಂದು ಸಲ ಹೇಳಿ’ ಅಂತ ಕೇಳಬೇಕಾದವನು ಅವನೇ.

ಪ್ರಶ್ನೆ: ಮಗಳಿಗೆ 20 ವರ್ಷ, ಡೌನ್ ಸಿಂಡ್ರೋಮ್. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ತರಗತಿಯಲ್ಲಿ ಮೂರು ವಿಷಯ ಪಾಸಾಗಿದ್ದಾಳೆ. ಅಮೆರಿಕದಲ್ಲಿರುವ ನನ್ನ ತಂಗಿ, ಅಲ್ಲಿ ಇಂಥ ಮಕ್ಕಳನ್ನು ಕಾಲೇಜಿಗೆ ಸೇರಿಸಿಕೊಳ್ಳುತ್ತಾರೆ ಅನ್ನುತ್ತಾಳೆ. ನಿಜವಾ? ಇಲ್ಲಿ ಏನಿದೆ?
– ಒಬ್ಬ ತಂದೆ, ಹಾಸನ

ಉತ್ತರ: ನಿಜ. ಅಲ್ಲಿ 2008ರಲ್ಲಿ ಬಂದ ಉನ್ನತ ಶಿಕ್ಷಣ ಕಾಯ್ದೆ ಇದಕ್ಕೆ ದಾರಿ ಮಾಡಿತು. ಬೌದ್ಧಿಕ ಅಂಗವೈಕಲ್ಯ ಇರುವವರು ಮಾನ್ಯತೆ ಪಡೆದ ಕಾರ್ಯಕ್ರಮಕ್ಕೆ ಸೇರಿದರೆ, ಹೈಸ್ಕೂಲ್ ಡಿಪ್ಲೊಮಾ ಇಲ್ಲದಿದ್ದರೂ ಸರ್ಕಾರದ ಧನಸಹಾಯ ಪಡೆಯಬಹುದು. ಈಗ 300ಕ್ಕೂ ಹೆಚ್ಚು ಕಾಲೇಜುಗಳಲ್ಲಿ ಇಂಥ ಕಾರ್ಯಕ್ರಮಗಳಿವೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ‘ಇನ್‌ಕ್ಲೂಸಿವ್‌ಯು’ ಅವುಗಳಲ್ಲಿ ಒಂದು. ವಿದ್ಯಾರ್ಥಿಗಳು ಎಲ್ಲರ ಜೊತೆ ಅದೇ ಕ್ಲಾಸಿನಲ್ಲಿ ಕೂರುತ್ತಾರೆ. ಜೊತೆಗೆ ಕೆಲಸದ ತರಬೇತಿಯೂ ಇರುತ್ತದೆ. ಸಾಮಾನ್ಯವಾಗಿ ಕೊನೆಗೆ ಸಿಗುವುದು ಸರ್ಟಿಫಿಕೇಟ್, ಡಿಗ್ರಿ ಅಲ್ಲ.

ನಮ್ಮಲ್ಲಿ ಪದವಿ ಕಾಲೇಜಿಗೆ ಪಿಯುಸಿ ಅಥವಾ ಅದಕ್ಕೆ ಸಮನಾದದ್ದು ಬೇಕೇ ಬೇಕು. ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕಾಯ್ದೆಯಲ್ಲಿ ಸೀಟಿನ ಹಕ್ಕಿದೆ, ಆ ಸೀಟಿನ ತನಕ ಹೋಗುವ ಮೆಟ್ಟಿಲು ಕಟ್ಟಿಲ್ಲ. ಇದು ಬದಲಾಗಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಹಾಗಂತ ನಿಮ್ಮ ಮಗಳು ಕಾಯುತ್ತಾ ಕೂರಬೇಕಿಲ್ಲ. ಎನ್‌ಐಒಎಸ್‌ನಲ್ಲಿ ಐದು ವಿಷಯ ಮುಗಿಸಲು ಐದು ವರ್ಷ, ಒಂಬತ್ತು ಅವಕಾಶ ಸಿಗುತ್ತದೆ. ಪಾಸಾದ ಮೂರು ಹಾಗೇ ಉಳಿಯುತ್ತವೆ. ಉಳಿದಿರುವುದು ಎರಡೇ. ಗಣಿತ ಕಷ್ಟವಾದರೆ ಚಿತ್ರಕಲೆ, ಗೃಹ ವಿಜ್ಞಾನ, ಡೇಟಾ ಎಂಟ್ರಿ ಇವೆ. ಒಂದು ಸಲಕ್ಕೆ ಒಂದೇ ವಿಷಯ ಕಟ್ಟಿಸಿ. ಆಮೇಲೆ ಅಲ್ಲೇ 12ನೇ ತರಗತಿ ಮಾಡಬಹುದು.

ಈ ನಡುವೆ ಒಂದು ಕೆಲಸ ಮಾಡಿ. ಹತ್ತಿರದ ಕಾಲೇಜಿನಲ್ಲಿ ವಾರಕ್ಕೆ ಎರಡು ಕ್ಲಾಸಿಗೆ ಅವಳನ್ನು ಸುಮ್ನೆ ಕೂರಲು ಬಿಡುತ್ತಾರಾ ಕೇಳಿ. ಹಾಜರಿ, ಪರೀಕ್ಷೆ ಏನೂ ಬೇಡ. ಚಿತ್ರಕಲೆ, ಸಂಗೀತ, ಅವಳಿಗೆ ಇಷ್ಟವಾದದ್ದು. ಒಪ್ಪುವ ಪ್ರಾಂಶುಪಾಲರು ಇದ್ದಾರೆ. ಅಲ್ಲಿಗೆ ಬಸ್ಸಿನಲ್ಲಿ ಹೋಗುವುದನ್ನೂ ಕಲಿಸಿ. ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಮೊದಲ ವಾರ ಪಕ್ಕದಲ್ಲಿ ಕೂತು ಹೋಗಿ, ಆಮೇಲೆ ಎರಡು ಸೀಟು ಹಿಂದೆ, ಆಮೇಲೆ ಸ್ಟಾಪಿನಲ್ಲಿ ಕಾಯಿರಿ. ತಿಂಗಳಾದರೂ ಪರವಾಗಿಲ್ಲ.

ಪ್ರಶ್ನೆ: ನನಗೆ ಬರೆಯುವಾಗ ಕೈ ನಡುಗುತ್ತದೆ. ಪ್ರಮಾಣಪತ್ರದಲ್ಲಿ ಶೇ 30 ಅಂತಿದೆ. ಶೇ 40 ಇಲ್ಲದೆ ಸ್ಕ್ರೈಬ್ ಇಲ್ಲ ಅನ್ನುತ್ತಾರೆ.
– ಬಿ.ಎ. ವಿದ್ಯಾರ್ಥಿ, ಶಿರಸಿ

ಉತ್ತರ: ಇಲ್ಲಪ್ಪ, ಸಿಗುತ್ತದೆ. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಯುಪಿಎಸ್‌ಸಿ ವಿರುದ್ಧ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲೇ ತೀರ್ಪು ಕೊಟ್ಟಿದೆ. ಅವರಿಗೂ ಬರೆಯುವ ಕೈಯದೇ ತೊಂದರೆ. ಸ್ಕ್ರೈಬ್ ಪಡೆಯಲು ಶೇ 40 ಇರಲೇಬೇಕು ಅಂತಿಲ್ಲ ಎಂದಿತು ಕೋರ್ಟ್. ಅದರಂತೆ 2022ರಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂತು. ಬರೆಯಲು ತೊಂದರೆ ಇದೆ ಅಂತ ಸರ್ಕಾರಿ ಆಸ್ಪತ್ರೆಯಿಂದ ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ನಮೂನೆಯಲ್ಲೇ ಪತ್ರ ಮಾಡಿಸಿಕೊಳ್ಳಿ. ಮಾರ್ಗಸೂಚಿಯ ಪ್ರತಿಯನ್ನೂ ಲಗತ್ತಿಸಿ, ಪರೀಕ್ಷೆಗೆ ಅರ್ಜಿ ಹಾಕುವಾಗಲೇ ಕೊಡಿ. ಹಾಲ್ ಟಿಕೆಟ್ ಬರುವ ತನಕ ಕಾಯಬೇಡಿ.