ಬ್ರಿಟನ್ ಹೊರನಡೆದ ನಂತರ ಐರೋಪ್ಯ ಒಕ್ಕೂಟದ ಒಗ್ಗಟ್ಟು ಹೆಚ್ಚಿತೇ, ಕುಸಿಯಿತೇ?

ಬ್ರಿಟನ್ ನಿರ್ಗಮಿಸಿದ ಮೇಲೆ ಉಳಿದ 27 ದೇಶಗಳು ರಾಜಕೀಯವಾಗಿ ಇನ್ನಷ್ಟು ಹತ್ತಿರ ಬಂದವೇ, ಅಥವಾ ಅದರ ಹಿಂದೆಯೇ ಬೇರೆ ದೇಶಗಳೂ ಕಳಚಿಕೊಳ್ಳಲಿವೆಯೇ ಎಂದು ನೀವು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ, ಒಕ್ಕೂಟವನ್ನು ಬಿಟ್ಟು ಹೋಗುವ ಮಾತು ಬಹುಮಟ್ಟಿಗೆ ಅಡಗಿದೆ. ಆದರೆ ಆ ಮಾತನ್ನಾಡುತ್ತಿದ್ದವರು ಎಲ್ಲಿಗೂ ಹೋಗಿಲ್ಲ. ಒಳಗೇ ಉಳಿದು, ಒಕ್ಕೂಟದ ಕೈ ಕಟ್ಟಿಹಾಕುವುದು ಹೇಗೆಂದು ಕಲಿತುಕೊಂಡಿದ್ದಾರೆ.

2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮತದಾರರು ನಿರ್ಗಮನದ ಪರ ನಿಂತಾಗ, ಮುಂದಿನ ಸರದಿ ಯಾರದು ಎಂಬ ಚರ್ಚೆ ಯುರೋಪಿನಾದ್ಯಂತ ನಡೆದಿತ್ತು. ದೊಡ್ಡ ದೇಶಗಳೊಡನೆ ಪ್ರತ್ಯೇಕವಾಗಿ ಮಾತಾಡಿದರೆ ಕೆಲಸ ಆಗುತ್ತದೆ, ಬ್ರಿಟನ್ನಿಗೆ ಕಾರು ಮಾರುವ ಜರ್ಮನ್ ಉದ್ಯಮಿಗಳೇ ತಮ್ಮ ಸರ್ಕಾರದ ಮೇಲೆ ಒತ್ತಡ ತರುತ್ತಾರೆ ಎಂಬ ಭರವಸೆ ಲಂಡನ್ನಿನ ಅನೇಕ ನಾಯಕರಿಗಿತ್ತು. ಹಾಗಾಗಲಿಲ್ಲ. 27 ದೇಶಗಳು ಒಕ್ಕೂಟದ ಮುಖ್ಯ ಸಂಧಾನಕಾರ ಮಿಷೆಲ್ ಬಾರ್ನಿಯೆ ಅವರನ್ನು ಮುಂದಿಟ್ಟುಕೊಂಡು ಒಂದೇ ದನಿಯಲ್ಲಿ ಮಾತಾಡಿದವು. ನಾಗರಿಕರ ಹಕ್ಕು, ಬ್ರಿಟನ್ ಕೊಡಬೇಕಾದ ಬಾಕಿ ಮತ್ತು ಐರ್ಲೆಂಡಿನ ಗಡಿ ಈ ಮೂರರಲ್ಲಿ ಸಾಕಷ್ಟು ಪ್ರಗತಿಯಾಗುವವರೆಗೆ ವ್ಯಾಪಾರದ ಮಾತೇ ಬೇಡ ಎಂಬ ಪಟ್ಟನ್ನು ಸಡಿಲಿಸಲಿಲ್ಲ.

ಇದರಲ್ಲಿ ಐರ್ಲೆಂಡಿನ ಗಡಿಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಐರ್ಲೆಂಡ್ ಗಣರಾಜ್ಯಕ್ಕೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ನಡುವೆ ಸುಮಾರು 500 ಕಿಲೋಮೀಟರ್ ಉದ್ದದ ಗಡಿಯಿದೆ. ದಶಕಗಳ ಹಿಂಸಾಚಾರದಲ್ಲಿ ಸುಮಾರು 3,500 ಜನ ಸತ್ತ ಮೇಲೆ, 1998ರ ಶಾಂತಿ ಒಪ್ಪಂದದಿಂದ ಅಲ್ಲಿ ನೆಮ್ಮದಿ ನೆಲೆಸಿತ್ತು. ಗಡಿಯ ಕಾವಲು ಗೋಪುರಗಳು ಹೋಗಿ, ಜನ ದಾಟಿದ್ದೇ ತಿಳಿಯದಂತೆ ಓಡಾಡುತ್ತಿದ್ದರು. ಬ್ರಿಟನ್ ಒಕ್ಕೂಟದ ಏಕೀಕೃತ ಮಾರುಕಟ್ಟೆಯಿಂದ, ಅಂದರೆ ಸರಕು ತಡೆಯಿಲ್ಲದೆ ಸಾಗುವ ವ್ಯವಸ್ಥೆಯಿಂದ, ಹೊರಬಂದರೆ ಅಲ್ಲಿ ಮತ್ತೆ ಸುಂಕದ ಕಟ್ಟೆ ಏಳಬೇಕಾಗುತ್ತಿತ್ತು. ಸುಮಾರು 50 ಲಕ್ಷ ಜನಸಂಖ್ಯೆಯ ಐರ್ಲೆಂಡ್ ಇದನ್ನು ಒಪ್ಪುವುದಿಲ್ಲ ಎಂದಾಗ ಉಳಿದ 26 ದೇಶಗಳೂ ಅದರ ಬೆನ್ನಿಗೆ ನಿಂತವು. ಕೊನೆಗೆ ಸರಕಿನ ತಪಾಸಣೆ ಐರಿಷ್ ಸಮುದ್ರಕ್ಕೆ, ಅಂದರೆ ಬ್ರಿಟನ್ನಿನ ಎರಡು ಭಾಗಗಳ ನಡುವಿಗೇ ಬಂತು. ಸಣ್ಣ ಸದಸ್ಯ ದೇಶವೊಂದರ ಹಿತಕ್ಕಾಗಿ ದೊಡ್ಡ ನೆರೆದೇಶವನ್ನು ಎದುರುಹಾಕಿಕೊಂಡ ಈ ನಡೆಯನ್ನು ಒಕ್ಕೂಟದ ಒಗ್ಗಟ್ಟಿನ ಅತ್ಯುತ್ತಮ ಉದಾಹರಣೆ ಎಂದು ನಾನು ಪರಿಗಣಿಸುತ್ತೇನೆ.

ಆದರೆ ಎದುರಾಳಿಯ ಮುಂದೆ ಒಂದಾಗಿ ನಿಲ್ಲುವುದು ಸುಲಭ, ಹಣ ಹಂಚಿಕೊಳ್ಳುವಾಗ ಒಂದಾಗಿರುವುದು ಕಷ್ಟ. 2020ರ ಜನವರಿ 31ರಂದು ಬ್ರಿಟನ್ ಅಧಿಕೃತವಾಗಿ ಹೊರಬಿದ್ದು ಆರು ತಿಂಗಳು ತುಂಬುವ ಮೊದಲೇ, ಕೋವಿಡ್ ಸಂಕಷ್ಟದ ನಡುವೆ ನಾಯಕರು ಬ್ರಸೆಲ್ಸ್‌ನಲ್ಲಿ ಸೇರಿದರು. ಜುಲೈ 17ಕ್ಕೆ ಆರಂಭವಾದ ಶೃಂಗಸಭೆ ಮುಗಿದದ್ದು 21ರ ನಸುಕಿನಲ್ಲಿ. ಒಕ್ಕೂಟದ ಹೆಸರಿನಲ್ಲಿ 75,000 ಕೋಟಿ ಯೂರೋ ಸಾಲ ಎತ್ತಿ, ಅದರಲ್ಲಿ 39,000 ಕೋಟಿಯನ್ನು ಮರುಪಾವತಿಯ ಹೊರೆಯಿಲ್ಲದ ಅನುದಾನವಾಗಿ ಸದಸ್ಯ ದೇಶಗಳಿಗೆ ಕೊಡುವುದೆಂದು ತೀರ್ಮಾನವಾಯಿತು. ಬ್ರಿಟನ್ ಒಳಗಿದ್ದಿದ್ದರೆ ಈ ಪ್ರಮಾಣದ ಸಾಮೂಹಿಕ ಸಾಲಕ್ಕೆ ಒಪ್ಪುತ್ತಿತ್ತೆಂದು ನನಗನಿಸುವುದಿಲ್ಲ. ಹಿಂದೆ ಬ್ರಿಟನ್ನಿನ ಮರೆಯಲ್ಲಿ ನಿಂತು ಖರ್ಚನ್ನು ವಿರೋಧಿಸುತ್ತಿದ್ದ ನೆದರ್ಲೆಂಡ್ಸ್, ಸ್ವೀಡನ್, ಡೆನ್ಮಾರ್ಕ್ ಮತ್ತು ಆಸ್ಟ್ರಿಯಾಗಳು ಈಗ ತಾವೇ ಮುಂದೆ ಬಂದು, 50,000 ಕೋಟಿಯ ಅನುದಾನದ ಪ್ರಸ್ತಾವವನ್ನು ಇಳಿಸಿದವು. ತಮ್ಮ ವಂತಿಗೆಯಲ್ಲಿ ಹೆಚ್ಚಿನ ರಿಯಾಯಿತಿಯನ್ನೂ ಗಿಟ್ಟಿಸಿಕೊಂಡವು. ಅಂತಹ ರಿಯಾಯಿತಿಯ ಸಂಪ್ರದಾಯಕ್ಕೆ ನಾಂದಿ ಹಾಡಿದ್ದು 1984ರಲ್ಲಿ ಬ್ರಿಟನ್ನಿನ ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಪಡೆದ ವಿನಾಯಿತಿ. ಬ್ರಿಟನ್ ಹೋದರೂ ಅದರ ಚಾಳಿ ಉಳಿಯಿತು ಎನ್ನೋಣವೇ?

ರಕ್ಷಣಾ ವಿಷಯದಲ್ಲಿ ಹತ್ತಿರವಾಗಿರುವುದು ನಿಜ, ಅದರಲ್ಲಿ ರಷ್ಯಾದ ಪಾತ್ರವೇ ದೊಡ್ಡದು. ಮೂರು ದಶಕಗಳಿಂದ ಒಕ್ಕೂಟದ ರಕ್ಷಣಾ ನೀತಿಯಿಂದ ಹೊರಗುಳಿದಿದ್ದ ಡೆನ್ಮಾರ್ಕಿನ ಜನ, ಉಕ್ರೇನಿನ ಮೇಲೆ ದಾಳಿಯಾದ ಮೂರೇ ತಿಂಗಳಲ್ಲಿ, 2022ರ ಜೂನ್ 1ರಂದು, ಸುಮಾರು ಶೇ 67ರಷ್ಟು ಮತಗಳೊಂದಿಗೆ ಆ ವಿನಾಯಿತಿಯನ್ನು ಕೈಬಿಟ್ಟರು.

ಇನ್ನು ಬಿಟ್ಟು ಹೋಗುವ ಮಾತು. 2017ರ ಚುನಾವಣೆಯಲ್ಲಿ ಯೂರೋ ತ್ಯಜಿಸುವ ಮತ್ತು ಸದಸ್ಯತ್ವದ ಬಗ್ಗೆ ಜನಮತ ಕೇಳುವ ಭರವಸೆ ನೀಡಿದ್ದ ಫ್ರಾನ್ಸಿನ ಬಲಪಂಥೀಯ ನಾಯಕಿ ಮರೀನ್ ಲ ಪೆನ್, 2019ರ ಹೊತ್ತಿಗೆ ಅದನ್ನು ಕೈಬಿಟ್ಟಿದ್ದರು. ಬ್ರಿಟನ್ನಿನ ವರ್ಷಗಟ್ಟಲೆಯ ಗೊಂದಲವನ್ನು ಕಣ್ಣಾರೆ ಕಂಡ ಮತದಾರರ ಮುಂದೆ ಆ ಸರಕು ಮಾರಾಟವಾಗುತ್ತಿರಲಿಲ್ಲ. ಅದಕ್ಕೆ ಬದಲಾಗಿ ಅವರ ಪಕ್ಷ, ಹಂಗೇರಿಯ ಅಂದಿನ ಪ್ರಧಾನಿ ವಿಕ್ಟರ್ ಓರ್ಬಾನ್ ಅವರ ಪಕ್ಷ ಮತ್ತು ನೆದರ್ಲೆಂಡ್ಸ್‌ನ ಗೀರ್ಟ್ ವಿಲ್ಡರ್ಸ್ ಅವರ ಪಕ್ಷಗಳು 2024ರಲ್ಲಿ ಐರೋಪ್ಯ ಸಂಸತ್ತಿನಲ್ಲಿ ಒಂದೇ ಬಣವಾಗಿ ಸೇರಿ, 84 ಸದಸ್ಯರೊಂದಿಗೆ ಮೂರನೆಯ ಅತಿದೊಡ್ಡ ಗುಂಪಾದವು.

ಒಳಗಿದ್ದೇ ತಡೆಯುವುದೆಂದರೇನು ಎಂಬುದಕ್ಕೆ 2023ರ ಡಿಸೆಂಬರ್ 14ರ ಸಭೆಯನ್ನು ನೋಡಬಹುದು. ಉಕ್ರೇನಿನೊಂದಿಗೆ ಸದಸ್ಯತ್ವದ ಮಾತುಕತೆ ಆರಂಭಿಸಲು ಸರ್ವಾನುಮತ ಬೇಕಿತ್ತು, ಓರ್ಬಾನ್ ವಿರೋಧಿಸುತ್ತಿದ್ದರು. ತಡೆಹಿಡಿದಿದ್ದ ಸುಮಾರು 1,000 ಕೋಟಿ ಯೂರೋ ನಿಧಿಯನ್ನು ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗವು ಹಿಂದಿನ ದಿನವಷ್ಟೇ ಹಂಗೇರಿಗೆ ಬಿಡುಗಡೆ ಮಾಡಲು ಒಪ್ಪಿತ್ತು. ಎರಡಕ್ಕೂ ಸಂಬಂಧವಿಲ್ಲ ಎಂದು ಆಯೋಗ ಹೇಳಿತಾದರೂ ನಂಬಿದವರು ಕಡಿಮೆ. ಸಭೆಯಲ್ಲಿ ಜರ್ಮನಿಯ ಅಂದಿನ ಚಾನ್ಸಲರ್ ಒಲಾಫ್ ಶೋಲ್ಜ್ ಸೂಚಿಸಿದಂತೆ ಓರ್ಬಾನ್ ಎದ್ದು ಹೊರಗೆ ಹೋದರು, ಉಳಿದ 26 ನಾಯಕರು ನಿರ್ಣಯ ಕೈಗೊಂಡರು. ಹಿಂದಿರುಗಿದ ಓರ್ಬಾನ್ ಅದೇ ರಾತ್ರಿ ಉಕ್ರೇನಿಗೆ ಕೊಡಬೇಕಿದ್ದ 5,000 ಕೋಟಿ ಯೂರೋ ನೆರವಿಗೆ ಅಡ್ಡಗಾಲು ಹಾಕಿದರು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರುವರಿ 1ರಂದು. ಇಂತಹ ಸದಸ್ಯರನ್ನು ಉಚ್ಚಾಟಿಸಲು ಒಪ್ಪಂದದಲ್ಲಿ ಅವಕಾಶವಿಲ್ಲ. ಮತದಾನದ ಹಕ್ಕನ್ನು ಅಮಾನತಿನಲ್ಲಿಡಬಹುದಾದರೂ, ಒಕ್ಕೂಟದ ಮೌಲ್ಯಗಳ ಗಂಭೀರ ಉಲ್ಲಂಘನೆ ನಡೆದಿದೆಯೆಂದು ಉಳಿದವರೆಲ್ಲ ಒಮ್ಮತದಿಂದ ಹೇಳಬೇಕು. ಬಹಳ ಕಾಲ ಪೋಲೆಂಡ್ ಮತ್ತು ಹಂಗೇರಿ ಒಂದಕ್ಕೊಂದು ರಕ್ಷಣೆಯಾಗಿ ನಿಂತಿದ್ದರಿಂದ ಅದು ಸಾಧ್ಯವಾಗಲಿಲ್ಲ.

ರಾಜಕೀಯ ಏಕತೆಯ ಬಗ್ಗೆ ಸದಸ್ಯ ದೇಶಗಳಿಗೆ ನಿಜವಾಗಿ ಎಷ್ಟು ಆಸಕ್ತಿಯಿದೆ ಎಂಬುದನ್ನು ಅಳೆಯಲು, ಹೆಚ್ಚಿನವರ ಗಮನಕ್ಕೆ ಬಾರದ ಒಂದು ಪ್ರಸಂಗ ನನಗೆ ಮುಖ್ಯವೆನಿಸುತ್ತದೆ. ಬ್ರಿಟನ್ನಿನ ನಿರ್ಗಮನದಿಂದ ಐರೋಪ್ಯ ಸಂಸತ್ತಿನಲ್ಲಿ 73 ಸ್ಥಾನಗಳು ಖಾಲಿಯಾಗಲಿದ್ದವು. ಅವುಗಳಲ್ಲಿ ಕೆಲವನ್ನಾದರೂ ಯುರೋಪಿನ ಎಲ್ಲ ಮತದಾರರೂ ಒಂದೇ ಕ್ಷೇತ್ರವೆಂಬಂತೆ ಸೇರಿ ಆರಿಸಲಿ ಎಂಬ ಪ್ರಸ್ತಾವಕ್ಕೆ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಅವರ ಬೆಂಬಲವೂ ಇತ್ತು. 2018ರ ಫೆಬ್ರುವರಿಯಲ್ಲಿ ಸಂಸತ್ತೇ ಅದನ್ನು ತಿರಸ್ಕರಿಸಿತು. 27 ಸ್ಥಾನಗಳನ್ನು ಹಲವು ದೇಶಗಳು ಹಂಚಿಕೊಂಡವು, ಉಳಿದವನ್ನು ಹೊಸ ಸದಸ್ಯರಿಗೆಂದು ಎತ್ತಿಡಲಾಯಿತು.

ಬೇರೆ ದೇಶ ಹೊರಹೋಗಬಹುದೇ ಎಂಬ ಪ್ರಶ್ನೆ ಉಳಿಯಿತು. ಬ್ರಿಟನ್ನಿಗೆ ತನ್ನದೇ ಪೌಂಡ್ ಇತ್ತು. ಬಲ್ಗೇರಿಯವೂ ಸೇರಿ ಯೂರೋ ಬಳಸುವ 21 ದೇಶಗಳಿಗೆ ನಿರ್ಗಮನವೆಂದರೆ ಹೊಸ ನಾಣ್ಯ, ಬ್ಯಾಂಕುಗಳಿಂದ ಹಣ ಹಿಂತೆಗೆಯುವ ನೂಕುನುಗ್ಗಲು, ವಿದೇಶಿ ಸಾಲದ ಹೊರೆಯ ಏರಿಕೆ. 2015ರ ಜುಲೈನಲ್ಲಿ ಗ್ರೀಸಿನ ಶೇ 61ರಷ್ಟು ಮತದಾರರು ಸಾಲದಾತರ ಷರತ್ತುಗಳನ್ನು ತಿರಸ್ಕರಿಸಿದ ಮೇಲೂ, ಅಲ್ಲಿನ ಸರ್ಕಾರ ಇನ್ನೂ ಬಿಗಿಯಾದ ಷರತ್ತುಗಳಿಗೆ ಸಹಿ ಹಾಕಿ ಯೂರೋದಲ್ಲೇ ಉಳಿಯಿತು. ಆದ್ದರಿಂದ ಸದ್ಯಕ್ಕೆ ಯೂರೋ ವಲಯದ ಯಾವ ದೇಶವೂ ಬ್ರಿಟನ್ನಿನ ದಾರಿ ಹಿಡಿಯುವುದನ್ನು ನಾನು ನಿರೀಕ್ಷಿಸುವುದಿಲ್ಲ.