ನೈಟ್ ಮತ್ತು ಸಮುರಾಯ್: ಜಮೀನು ಯಾರದು, ಋಣ ಎಷ್ಟು?

ಪ್ರಶ್ನೆ: ಯುರೋಪಿನ ನೈಟ್, ಜಪಾನಿನ ಸಮುರಾಯ್ ಇಬ್ಬರೂ ಒಡೆಯನಿಗಾಗಿ ಕಾದಾಡಿ ಜಮೀನು ಪಡೆಯುತ್ತಿದ್ದರಂತೆ. ಎರಡೂ ಒಂದೇ ಊಳಿಗಮಾನ್ಯ ಪದ್ಧತಿಯೇ?
– ಓದುಗರು, ಶಿವಮೊಗ್ಗ

ಉತ್ತರ: ಹೋಲಿಸುವ ಮೊದಲು ಕಾಲವನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಸಮುರಾಯ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು 1603ರ ನಂತರದ, ತೊಕುಗಾವ ಮನೆತನ ಆಳಿದ ಕಾಲ. ಆಗ ಬಹುಪಾಲು ಸಮುರಾಯ್‌ಗಳು ಕೋಟೆಪೇಟೆಗಳಲ್ಲಿದ್ದು ಅಕ್ಕಿಯ ಲೆಕ್ಕದಲ್ಲಿ ಸಂಬಳ ಪಡೆಯುತ್ತಿದ್ದರು. ಅಳತೆ 'ಕೊಕು', ಅಂದರೆ ಸುಮಾರು 180 ಲೀಟರ್. ಜಮೀನಿನ ಮೇಲೆ ಕೂತ ನೈಟ್‌ನ ಪಕ್ಕದಲ್ಲಿ ನಿಲ್ಲಿಸಬೇಕಾದವನು 13ನೇ ಶತಮಾನದ, ಯೋಧರ ಸರ್ಕಾರ ಕಾಮಕುರ ಪಟ್ಟಣದಿಂದ ಆಳುತ್ತಿದ್ದ ಕಾಮಕುರ ಕಾಲದ ಯೋಧ.

ಅವನಿಗೂ ಸಿಗುತ್ತಿದ್ದುದು ಬಹುಮಟ್ಟಿಗೆ ಜಮೀನಲ್ಲ, 'ಜಿತೊ' ಎಂಬ ಹುದ್ದೆ. ಎಸ್ಟೇಟಿನ ಮೇಲಿನ ಹಕ್ಕು ಚಕ್ರವರ್ತಿಯ ರಾಜಧಾನಿ ಕ್ಯೋಟೊದ ಶ್ರೀಮಂತರದೋ ದೇವಾಲಯದ್ದೋ ಆಗಿರುತ್ತಿತ್ತು. ಕಂದಾಯ ವಸೂಲಿ ಮತ್ತು ಕಾವಲು ಜಿತೊನ ಹೊಣೆ. ಕ್ಯೋಟೊ ಆಸ್ಥಾನವನ್ನು ಕಾಮಕುರ ಸೋಲಿಸಿದ 1221ರ ಜೊಕ್ಯು ಯುದ್ಧದ ನಂತರ ಹೊಸ ಜಿತೊಗಳ ಪಾಲನ್ನು ಗೊತ್ತುಮಾಡಿದರು: 11 ಚೊ ಗದ್ದೆಗೆ 1 ಚೊ, ಜೊತೆಗೆ ಪ್ರತಿ ತಾನ್‌ಗೆ 5 ಶೊ ಅಕ್ಕಿ. (ಚೊ, ತಾನ್ ಗದ್ದೆಯ ಅಳತೆ, 10 ತಾನ್ ಸೇರಿದರೆ 1 ಚೊ; ಶೊ ಅಕ್ಕಿಯ ಅಳತೆ.) ಒಂದೇ ಗದ್ದೆಯ ಮೇಲೆ ಇಬ್ಬರ ಹಕ್ಕು, ಹಾಗಾಗಿ ಕಾಮಕುರದಲ್ಲಿ ಈ ಬಗೆಯ ವ್ಯಾಜ್ಯಗಳಿಗೆ ಲೆಕ್ಕವಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ಒಡೆಯನಿಗೆ ಸಲ್ಲಿಸಬೇಕಾದ ಋಣದ ಸ್ವರೂಪದಲ್ಲಿದೆ. ಯುರೋಪಿನಲ್ಲಿ ಅದು ಕರಾರು. ಫ್ರಾನ್ಸ್, ಇಂಗ್ಲೆಂಡ್‌ಗಳ ರೂಢಿಯಂತೆ ಸೇನಾಸೇವೆ ವರ್ಷಕ್ಕೆ 40 ದಿನ. ಇಂಗ್ಲೆಂಡಿನ ರಾಜ ಒಪ್ಪಿದ 1215ರ ಮ್ಯಾಗ್ನಾ ಕಾರ್ಟಾ ಎಂಬ ಸನದಿನ ಪ್ರಕಾರ, ಮಂಡಳಿಯ ಒಪ್ಪಿಗೆಯಿಲ್ಲದೆ ರಾಜ ಹಣ ಕೇಳಬಹುದಾದ ಸಂದರ್ಭಗಳು ಮೂರೇ: ಸೆರೆಯಾದ ಅವನ ಬಿಡುಗಡೆ, ಹಿರಿಮಗನಿಗೆ ನೈಟ್ ಪದವಿ, ಹಿರಿಮಗಳ ಮೊದಲ ಮದುವೆ. ಕರಾರಾದ್ದರಿಂದ ಒಬ್ಬನಿಗೆ ಹಲವು ಒಡೆಯರೂ ಇರಬಹುದಿತ್ತು. 13ನೇ ಶತಮಾನದ ಟೂಲ್‌ನ ಜಾನ್ ಎಂಬ ಸಾಮಂತನಿಗೆ ನಾಲ್ವರು ಒಡೆಯರು. ಅವರಲ್ಲಿಬ್ಬರಾದ ಗ್ರಾಂಪ್ರೆಯ ಕೌಂಟ್‌ಗೂ ಷಾಂಪೇನ್ ಕೌಂಟ್‌ಗೂ ಯುದ್ಧವಾದರೆ, ಅದು ಗ್ರಾಂಪ್ರೆಯವನ ಸ್ವಂತ ಜಗಳವಾಗಿದ್ದಲ್ಲಿ, ತಾನು ಖುದ್ದಾಗಿ ಅವನ ಕಡೆ ನಿಂತು ಷಾಂಪೇನ್‌ಗೆ ಕೊಡಬೇಕಾದ ನೈಟ್‌ಗಳನ್ನು ಅತ್ತ ಕಳಿಸುತ್ತೇನೆಂದು ಆತ ಬರೆದುಕೊಟ್ಟಿದ್ದ!

ಕಾಮಕುರದಲ್ಲಿ ಸೇವೆಗೆ ಇಂಥ ಮಿತಿ ಬರೆದಿಟ್ಟಿರಲಿಲ್ಲ. ಆದರೆ ಗೆದ್ದ ಮೇಲೆ ಬಹುಮಾನ ಬರಲೇಬೇಕು. 1274ರಲ್ಲಿ ಜಪಾನಿನ ಮೇಲೆ ದಂಡೆತ್ತಿ ಬಂದ ಮಂಗೋಲರ ವಿರುದ್ಧ ಹೋರಾಡಿದ ಯೋಧ ತಕೆಜಾಕಿ ಸುಎನಾಗ ಬಹುಮಾನ ಸಿಗದೆ ಕುದುರೆ, ಜೀನು ಮಾರಿ, ನೈಋತ್ಯದ ಕ್ಯೂಶೂ ದ್ವೀಪದಿಂದ ಕಾಮಕುರದವರೆಗೆ ಹೋಗಿ ಅಹವಾಲು ಸಲ್ಲಿಸಿ ಜಿತೊ ಹುದ್ದೆ ಪಡೆದ. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಶತ್ರು ಹೊರಗಿನವನು, ಅವನನ್ನು ಓಡಿಸಿದರೂ ಹಂಚಲು ಒಂದು ಗುಂಟೆಯೂ ಕೈಗೆ ಬರಲಿಲ್ಲ. 1281ರ ಎರಡನೇ ದಾಳಿಯ ನಂತರವೂ ಅದೇ ಗತಿ. ಯೋಧರು ಸಾಲಕ್ಕೆ ಬಿದ್ದರು. ಅವರು ಮಾರಿದ, ಅಡವಿಟ್ಟ ಜಮೀನನ್ನು ಪುಕ್ಕಟೆ ಹಿಂದಿರುಗಿಸಬೇಕೆಂದು 1297ರಲ್ಲಿ ಆಜ್ಞೆ ಹೊರಟಿತು. ಆಮೇಲೆ ಯೋಧರಿಗೆ ಸಾಲ ಹುಟ್ಟುವುದೇ ಕಷ್ಟವಾಯಿತು. 1333ರಲ್ಲಿ ಕಾಮಕುರ ಉರುಳಿದಾಗ ಅದನ್ನು ಉಳಿಸಲು ಬಹಳ ಯೋಧರು ಬರಲೇ ಇಲ್ಲ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಪಾಲಿತ್ತೇ?
– ಓದುಗರು, ಹಾಸನ

ಉತ್ತರ: ಇತ್ತು. ಇಂಗ್ಲೆಂಡಿನಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಕಾಮಕುರದಲ್ಲಿ ಮಗನಿದ್ದರೂ ಮಗಳಿಗೆ ಪಾಲು ಬರುತ್ತಿತ್ತು, ಹೆಂಗಸರೇ ಜಿತೊ ಆಗಿದ್ದೂ ಉಂಟು. 1232ರ 51 ಕಲಮಿನ ಕಾನೂನು, ಮಕ್ಕಳಿಲ್ಲದ ಹೆಂಗಸು ದತ್ತು ಪಡೆದು ಆಸ್ತಿ ಕೊಡಲು ಒಪ್ಪಿತ್ತು. ಪಾಲಾಗಿ ಪಾಲಾಗಿ ಜಮೀನು ಚೂರಾದಾಗ ಮಗಳ ಪಾಲನ್ನು ಅವಳ ಜೀವಿತಾವಧಿಗಷ್ಟೇ ಕೊಟ್ಟು, ಬಳಿಕ ತವರಿಗೇ ಹಿಂದಿರುಗಿಸಿಕೊಳ್ಳುವ ರೂಢಿ ಬೆಳೆಯಿತು.