ಶಾಫ್ಟ್ ಗಟ್ಟಿ ಮಾಡಿಸಿದೆ, ವಾರಂಟಿ ಕಳೆದದ್ದು ನನ್ನ ಬಾಯಿ

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್‌ಹಾಕ್ (ಜೀಪ್ ಕಂಪನಿಯ ಭಾರೀ ಬಲದ ಎಸ್‌ಯುವಿ), ಇನ್ನೂ ಸ್ವಲ್ಪ ಉಳಿದಿರುವ ಪವರ್‌ಟ್ರೇನ್ ವಾರಂಟಿ (ಎಂಜಿನ್ನಿನಿಂದ ಚಕ್ರದವರೆಗಿನ ಭಾಗಗಳದ್ದು), ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಆಕ್ಸಲ್ ಶಾಫ್ಟ್‌ಗಳನ್ನು ಗಟ್ಟಿಯಾದವುಗಳಿಗೆ ಬದಲಿಸುವ ಆಸೆ, "ಹೊರಗಿನ ಒಂದು ನಟ್ಟು ಹಾಕಿದರೂ ವಾರಂಟಿ ರದ್ದು" ಎಂದ ಡೀಲರ್. ನಿಜವಾಗಿಯೂ ವಾರಂಟಿ ಹೋಗುತ್ತದೆಯೇ ಎಂಬ ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಾಲ್ಕು ವರ್ಷದ ಹಿಂದಿನ ನನ್ನನ್ನೇ ನೋಡಿದಂತಾಯಿತು. ಡೀಲರ್ ಹೇಳಿದ್ದು ತಪ್ಪು. ಆದರೆ ಅದು ತಪ್ಪು ಎಂದು ಗೊತ್ತಿದ್ದೂ ನಾನು ರಿಪೇರಿಗೆ 5,870 ಡಾಲರ್ ಕಟ್ಟಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನಿರುವುದು ಡೆಟ್ರಾಯ್ಟ್ ಹೊರವಲಯದಲ್ಲಿ. ಆಗಸ್ಟ್ ತಿಂಗಳಲ್ಲಿ ವುಡ್‌ವರ್ಡ್ ರಸ್ತೆಯುದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ನಡೆಯುವ ಊರು. ನೆಂಟರಲ್ಲಿ ಯಾರೂ ಕಾರಿನ ಹುಚ್ಚಿನವರಲ್ಲದಿದ್ದರೂ ಇಲ್ಲಿಯ ಗಾಳಿ ನಿಧಾನವಾಗಿ ತಲೆಗೇರುತ್ತದೆ. ನನ್ನದು ಬೇರೆ ಕಂಪನಿಯ ಎಸ್‌ಯುವಿ, ಹೆಸರು ಬೇಡ. ಆರುನೂರು ಅಶ್ವಶಕ್ತಿ, ಮಕ್ಕಳ ಸೀಟು ಎರಡು, ಹಿಂದೆ ಕಾಸ್ಟ್ಕೋದಿಂದ ತಂದ ಸೋನಾ ಮಸೂರಿ ಮೂಟೆ. ಕೊಂಡ ವರ್ಷವೇ ಹಿಂದಿನ ಹಾಫ್‌ಶಾಫ್ಟ್‌ಗಳನ್ನು, ಅಂದರೆ ನೀವು ಹೇಳುವ ಅದೇ ಆಕ್ಸಲ್ ಶಾಫ್ಟ್‌ಗಳನ್ನು, ತೆಗೆಸಿ ದಪ್ಪನೆಯವನ್ನು ಹಾಕಿಸಿದೆ. ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಅನ್ನು ಹಿಡಿದಿರುವ ರಬ್ಬರ್ ಬುಷ್‌ಗಳ ಜಾಗಕ್ಕೆ ಅಲ್ಯೂಮಿನಿಯಂ ಬುಷ್‌ಗಳು ಬಂದವು. ಮೊದಲ ದಿನವೇ ಹೆಂಡತಿ "ಗಾಡಿ ಏಕೆ ಗಿರಣಿಯ ಹಾಗೆ ಸದ್ದು ಮಾಡುತ್ತಿದೆ?" ಎಂದು ಕೇಳಿದಳು. ರಬ್ಬರ್ ಇದ್ದದ್ದೇ ಆ ಸದ್ದನ್ನು ನುಂಗುವುದಕ್ಕೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಎಂಟು ತಿಂಗಳು ಏನೂ ಆಗಲಿಲ್ಲ. ಒಂದು ಸಂಜೆ ಗೆಳೆಯರ ಜೊತೆ ಡ್ರ್ಯಾಗ್ ಸ್ಟ್ರಿಪ್‌ಗೆ, ಅಂದರೆ ನೇರ ರೇಸ್ ಪಟ್ಟಿಗೆ, ಹೋದೆ. ಹಣ ಕಟ್ಟಿದವರೆಲ್ಲ ತಮ್ಮ ತಮ್ಮ ಗಾಡಿ ಓಡಿಸಿ ನೋಡುವ ಸಂಜೆ ಅದು. ಕಾಲು ಮೈಲಿಯನ್ನು ನಾಲ್ಕು ಬಾರಿ ಓಡಿಸಿದೆ. 11.9 ಸೆಕೆಂಡ್ ಎಂದು ಮುದ್ರಿಸಿದ ಚೀಟಿ ಕೊಟ್ಟರು. ಆ ಚೀಟಿಯನ್ನು ಪಾಸ್‌ಪೋರ್ಟ್ ಜೊತೆ ಇಡದಿದ್ದದ್ದೊಂದೇ ಬಾಕಿ. ಗಾಡಿ ಸರಿಯಾಗಿಯೇ ಮನೆಗೆ ಬಂತು. ಮೂರು ವಾರ ಕಚೇರಿಗೆ ಹೋಗಿ ಬಂತು. ಅನಂತರ ಒಂದು ಮಂಗಳವಾರ ಹೆದ್ದಾರಿಯಲ್ಲಿ ನಲವತ್ತೈದು ಮೈಲಿ ವೇಗದಲ್ಲಿ ಕೆಳಗಿನಿಂದ ಸಣ್ಣಗೆ ಕೊರಗುವ ದನಿ ಶುರುವಾಯಿತು. ಅದು ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನಿಂದ ಬರುವ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಅದರ ಸೀಲ್ ಒಂದರಿಂದ ಎಣ್ಣೆ ಜಿನುಗಿ ಒಳಗೆ ಒಣಗುತ್ತಾ ಬಂದಿತ್ತು. ನಾನು ಬದಲಿಸಿದ ಶಾಫ್ಟ್‌ಗಳಿರುವುದು ಅಲ್ಲಿಂದ ಆರು ಅಡಿ ಹಿಂದೆ, ಡಿಫರೆನ್ಷಿಯಲ್‌ನ ಆಚೆ.

ಈಗ ಬರುವುದು ಆ ತಪ್ಪು. ಸ್ವಲ್ಪ ಉದ್ದವಾದರೆ ಕ್ಷಮಿಸಿ. ಈ ಮೂರು ನಿಮಿಷಗಳನ್ನು ಸ್ನಾನ ಮಾಡುವಾಗಲೂ ಮತ್ತೆ ಮತ್ತೆ ಓಡಿಸಿ ನೋಡಿದ್ದೇನೆ.

ಸರ್ವಿಸ್ ಕೌಂಟರಿನಲ್ಲಿ ಇದ್ದವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಒಳ್ಳೆಯವನು, ನಮ್ಮ ಹಾಗೆಯೇ ಕಾರಿನ ಹುಚ್ಚಿನವನು. ಗಾಡಿಯ ಕೆಳಗೆ ಬಗ್ಗಿ ನೋಡಿದವನೇ ಶಾಫ್ಟ್‌ಗಳನ್ನು ಗುರುತಿಸಿ ಕಣ್ಣರಳಿಸಿದ. "ಎಷ್ಟರಲ್ಲಿ ಓಡುತ್ತದೆ?" ಎಂದ. ಅಷ್ಟು ಸಾಕಾಯಿತು. ಎಂಟು ತಿಂಗಳಿಂದ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಫೋನ್ ತೆಗೆದು ಚೀಟಿಯ ಚಿತ್ರ ತೋರಿಸಿದೆ, ನಿಂತಲ್ಲಿಂದ ಗಾಡಿಯನ್ನು ಚಿಮ್ಮಿಸುವ ಲಾಂಚ್ ಕಂಟ್ರೋಲ್ ಹೇಗೆ ಹಿಡಿಯಿತು ಎಂದು ಕೈಸನ್ನೆ ಮಾಡಿ ಹೇಳಿದೆ. ಅವನು ನಗುತ್ತಾ ಟೈಪ್ ಮಾಡುತ್ತಿದ್ದ. ಏನು ಟೈಪ್ ಮಾಡುತ್ತಿದ್ದಾನೆ ಎಂದು ನಾನು ನೋಡಲಿಲ್ಲ. ಕೊನೆಗೆ ಟ್ಯಾಬ್ಲೆಟ್ ಮುಂದೆ ಹಿಡಿದ, ಬೆರಳಿನಿಂದ ಸಹಿ ಎಳೆದೆ. ಅದು ಸಹಿಯ ಹಾಗೂ ಇರಲಿಲ್ಲ, ಎರೆಹುಳುವಿನ ಹಾಗಿತ್ತು.

ರಿಪೇರಿ ಆರ್ಡರ್ ಎನ್ನುವ ಆ ಕಾಗದದಲ್ಲಿ ಮೊದಲ ಸಾಲು ಯಾವಾಗಲೂ ಗ್ರಾಹಕರ ಹೇಳಿಕೆ. ನನ್ನದರಲ್ಲಿ ಇದ್ದದ್ದು ಇಷ್ಟು: ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಓಡಿಸಿದ ನಂತರ ಶಬ್ದ ಬರುತ್ತಿದೆ ಎಂದು ಗ್ರಾಹಕರು ಹೇಳುತ್ತಾರೆ. "ನಂತರ" ಎಂಬ ಆ ಪದವನ್ನು ಗಮನಿಸಿ. ಹುಡುಗ ಸುಳ್ಳು ಬರೆದಿಲ್ಲ. ಶಬ್ದ ಬಂದದ್ದು ಡ್ರ್ಯಾಗ್ ಸ್ಟ್ರಿಪ್‌ನ ನಂತರವೇ, ಮಗಳ ಹುಟ್ಟುಹಬ್ಬದ ನಂತರವೂ ಹೌದು, ಗ್ರಹಣದ ನಂತರವೂ ಹೌದು. ಆದರೆ ವಾರಂಟಿ ವಿಭಾಗದವರು "ನಂತರ" ಎಂಬುದನ್ನು "ಅದರಿಂದಾಗಿ" ಎಂದೇ ಓದುತ್ತಾರೆ. ವಾರಂಟಿ ಪುಸ್ತಕದಲ್ಲಿ ಸ್ಪರ್ಧೆ, ರೇಸ್ ಬಳಕೆಯಿಂದಾದ ಹಾನಿ ಸೇರುವುದಿಲ್ಲ ಎಂಬ ಸಾಲು ಇದ್ದೇ ಇರುತ್ತದೆ. (ಲಾಂಚ್ ಕಂಟ್ರೋಲ್ ಗುಂಡಿಯನ್ನು ಅವರೇ ಕೊಟ್ಟು, ಒತ್ತಿದರೆ ಮುಖ ಸಿಂಡರಿಸುವುದು ಯಾವ ನ್ಯಾಯ ಎಂದು ನಾನೂ ಕೂಗಾಡಿದ್ದೇನೆ. ಪ್ರಯೋಜನವಿಲ್ಲ.) ನಾಲ್ಕು ದಿನದ ಬಳಿಕ ಫೋನ್ ಬಂತು: ಕ್ಲೇಮ್ ತಿರಸ್ಕೃತ. ಕಾರಣದಲ್ಲಿ ಶಾಫ್ಟ್‌ನ ಮಾತು ಎರಡನೆಯದು, ಮೊದಲನೆಯದು ನನ್ನದೇ ಹೇಳಿಕೆ.

ನಮ್ಮ ಕಡೆ ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ನನ್ನ ಬಣ್ಣ ಅಚ್ಚಾಗಿ, ನನ್ನದೇ ಸಹಿಯೊಂದಿಗೆ ಕಡತ ಸೇರಿತ್ತು.

ಇದು ಏಕೆ ಇಷ್ಟು ಉರಿಯುತ್ತದೆ ಎಂದರೆ ಕಾನೂನು ನನ್ನ ಕಡೆಗಿತ್ತು. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ. ನಮ್ಮದೇ ಬ್ರಾಂಡ್‌ನ ಭಾಗ ಹಾಕಿದರೆ ಮಾತ್ರ ವಾರಂಟಿ ಎಂದು ಕಂಪನಿ ಷರತ್ತು ಹಾಕುವಂತಿಲ್ಲ, ಆ ಭಾಗವನ್ನು ಉಚಿತವಾಗಿ ಕೊಟ್ಟರೆ ಬೇರೆ ಮಾತು. ಹೊರಗಿನ ಭಾಗವೇ ಹಾನಿಗೆ ಕಾರಣ ಎಂದು ತೋರಿಸಬೇಕಾದವರು ಕಂಪನಿ ಅಥವಾ ಡೀಲರ್ ಎಂದು ಗ್ರಾಹಕರ ಹಿತ ನೋಡುವ ಇಲ್ಲಿಯ ಆಯೋಗ, ಫೆಡರಲ್ ಟ್ರೇಡ್ ಕಮಿಷನ್, ಸ್ಪಷ್ಟವಾಗಿಯೇ ಹೇಳುತ್ತದೆ. 2022ರಲ್ಲಿ ಇಂಥದ್ದೇ ಷರತ್ತಿನ ವಿಷಯಕ್ಕೆ ಆಯೋಗವು ಮೋಟಾರ್‌ಸೈಕಲ್ ಕಂಪನಿ ಹಾರ್ಲಿ-ಡೇವಿಡ್‌ಸನ್ ಮೇಲೆ ಕ್ರಮ ಕೈಗೊಂಡಿತು. ಗ್ರಾಹಕ ಗೆದ್ದರೆ ವಕೀಲರ ಶುಲ್ಕವನ್ನೂ ಎದುರಾಳಿಯಿಂದ ಕೊಡಿಸಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಅಂದರೆ ಟ್ರಾನ್ಸ್‌ಫರ್ ಕೇಸಿನ ಸೀಲ್ ಸೋರಿದ್ದಕ್ಕೂ ಹಿಂದಿನ ಶಾಫ್ಟ್‌ಗೂ ಸಂಬಂಧ ಹಚ್ಚಬೇಕಾದ ಹೊರೆ ಅವರದು. ಆ ಹೊರೆಯನ್ನು ನಾನೇ ಹೊತ್ತುಕೊಂಡು ಹೋಗಿ ಅವರ ಮೇಜಿನ ಮೇಲೆ ಇಳಿಸಿ ಬಂದಿದ್ದೆ. (ಬೆಂಗಳೂರಿನಲ್ಲಿ ಕೂತು ಇದನ್ನು ಓದುವವರು ಈ ಕಾಯ್ದೆಯನ್ನು ಅಲ್ಲಿಯ ಶೋರೂಮಿನಲ್ಲಿ ಉಲ್ಲೇಖಿಸಬೇಡಿ. ಅದು ಈ ದೇಶದ್ದು.)

ಎರಡು ತಿಂಗಳ ಬಳಿಕ ಫೋನ್ ತಡಕಾಡುವಾಗ ಮಗಳ ಹೊಸ ಸೈಕಲ್ಲಿನ ಚಿತ್ರ ಸಿಕ್ಕಿತು. ನಮ್ಮ ಗ್ಯಾರೇಜಿನಲ್ಲಿ ತೆಗೆದದ್ದು. ಚಕ್ರದ ಪಕ್ಕದಲ್ಲಿ, ಗಾಡಿ ನಿಲ್ಲುವ ಜಾಗದ ಕಾಂಕ್ರೀಟ್ ಮೇಲೆ, ಅಂಗೈಯಗಲ ಕಪ್ಪು ಕಲೆ. ದಿನಾಂಕ ನೋಡಿದರೆ ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗುವುದಕ್ಕೆ ಏಳು ವಾರ ಮೊದಲು! ವಕೀಲರಿಗೆ ತೋರಿಸಿದೆ. ಅವರು ಚಿತ್ರವನ್ನೂ ರಿಪೇರಿ ಆರ್ಡರನ್ನೂ ಅಕ್ಕಪಕ್ಕ ಇಟ್ಟು, "ಹೋರಾಡಬಹುದು. ಆದರೆ ನಿಮ್ಮ ಎದುರಾಳಿ ನೀವೇ" ಎಂದರು. ಕಟ್ಟಿದ ಹಣ ಮರೆತು ಬಂದೆ.

ಈಗ ನಿಮ್ಮ ಪ್ರಶ್ನೆಗೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ವಾರಂಟಿ ಹೋಗುತ್ತದೆಯೇ ಎಂದು ಕೇಳುವ ಮೊದಲು ಗಟ್ಟಿ ಶಾಫ್ಟ್ ನಿಮಗೆ ಯಾಕೆ ಬೇಕು ಎಂದು ಹೇಳಿ. ಎಂಜಿನ್ ಮುಟ್ಟಿಲ್ಲ ಎಂದಿದ್ದೀರಿ. ಟ್ರ್ಯಾಕ್‌ಹಾಕ್ ಕಾರ್ಖಾನೆಯಿಂದ ಬರುವಾಗಲೇ 707 ಅಶ್ವಶಕ್ತಿ, ಸುಮಾರು 875 ನ್ಯೂಟನ್ ಮೀಟರ್ ಟಾರ್ಕ್. ಮೊದಲ ಗೇರ್ ಅದನ್ನು 4.7 ಪಟ್ಟು ಮಾಡುತ್ತದೆ. ಅಂದರೆ ನಾಲ್ಕು ಸಾವಿರ ನ್ಯೂಟನ್ ಮೀಟರಿಗೂ ಮೀರಿದ ತಿರುಚುಬಲ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ, ಹೊತ್ತೊಯ್ಯಬೇಕಾದದ್ದು 2.4 ಟನ್. ಇದು ತಿಳಿದೇ ಕಂಪನಿ ಅದಕ್ಕೆ ಅಗಲದ ಸರಪಳಿ, ಫೋರ್ಜ್ ಮಾಡಿದ ಸ್ಪ್ರಾಕೆಟ್ (ಸರಪಳಿ ಓಡುವ ಹಲ್ಲುಚಕ್ರ), ಗಟ್ಟಿ ಹಾಫ್‌ಶಾಫ್ಟ್ ಹಾಕಿ ಕಳಿಸಿದೆ. ಬಲಪಡಿಸುವ ಕೆಲಸ ಒಮ್ಮೆ ಆಗಿದೆ. ಎಂಜಿನ್ನಿಗೆ ಗಾಳಿ ತುಂಬುವ ಸೂಪರ್‌ಚಾರ್ಜರಿನ ಪುಲ್ಲಿ ಬದಲಿಸಿ, ಕಂಪ್ಯೂಟರ್ ಟ್ಯೂನ್ ಮಾಡಿಸಿ ಬಲ ಏರಿಸುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೆ ಮಾತ್ರ ಶಾಫ್ಟ್ ಬೇಕಾಗುತ್ತದೆ. ಹಾಗಿದ್ದರೆ ವಾರಂಟಿಯ ಚಿಂತೆ ಬಿಟ್ಟುಬಿಡಿ. ಟ್ಯೂನ್ ಮಾಡಿದ ಗಾಡಿಯ ಗೇರ್‌ಬಾಕ್ಸ್ ಹೋದರೆ "ಕಾರಣ ತೋರಿಸಿ" ಎಂದು ನೀವು ಕೇಳಬಹುದು, ಅವರು ನಿಜವಾಗಿಯೂ ತೋರಿಸುತ್ತಾರೆ. ಹಳೆಯ ಸಾಫ್ಟ್‌ವೇರ್ ಮತ್ತೆ ತುಂಬಿಸಿಕೊಂಡು ಹೋದರೆ ಗೊತ್ತಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ವಿಷಯ. ನಮ್ಮ ಸೋದರಮಾವನಿಗೆ ಮಲೇಬೆನ್ನೂರಿನ ಹತ್ತಿರ ಭದ್ರಾ ನಾಲೆಯ ನೀರಿನ ಗದ್ದೆ. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಹೋಗುವ ಶಾಫ್ಟ್‌ನಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತದೆ. ಕಲ್ಲಿಗೆ ಬಡಿದರೆ ಅದು ಕತ್ತರಿಸಿಹೋಗಬೇಕು, ಅದರ ಹುಟ್ಟೇ ಅದಕ್ಕೆ. ಒಂದು ಬೇಸಿಗೆಯಲ್ಲಿ ದಿನಕ್ಕೆ ಮೂರು ಬಾರಿ ಬೋಲ್ಟ್ ಮುರಿದು ಬೇಸತ್ತ ಡ್ರೈವರ್ ಲಾರಿಯ ಗಟ್ಟಿ ಬೋಲ್ಟ್ ಬಡಿದು ಕೂರಿಸಿದ. ಬೋಲ್ಟ್ ಆಮೇಲೆ ಮುರಿಯಲೇ ಇಲ್ಲ. ಹದಿನೈದು ದಿನದಲ್ಲಿ ರೋಟವೇಟರಿನ ಗೇರ್‌ಬಾಕ್ಸ್ ಬಾಯಿ ಬಿಟ್ಟಿತು. ಮಾವ ಬೈದದ್ದು ನಾಟಿ ಮುಗಿಯುವವರೆಗೂ ನಿಲ್ಲಲಿಲ್ಲ. ಕಾರಿನ ಹಾಫ್‌ಶಾಫ್ಟ್ ಶಿಯರ್ ಬೋಲ್ಟ್ ಅಲ್ಲ, ಅದು ನನಗೂ ಗೊತ್ತು. ಆದರೆ ಸಾಲಿನಲ್ಲಿ ಅಗ್ಗವಾಗಿ ಮುರಿಯುವ ಕೊಂಡಿಯನ್ನು ಗಟ್ಟಿ ಮಾಡಿದರೆ ಪೆಟ್ಟು ಮುಂದಿನ ಕೊಂಡಿಗೆ ಹೋಗುತ್ತದೆ. ಶಾಫ್ಟ್ ಮುರಿದರೆ ಕೆಲವು ನೂರು ಡಾಲರ್, ಡಿಫರೆನ್ಷಿಯಲ್‌ನ ಹಲ್ಲು ಉದುರಿದರೆ ಸಾವಿರಗಳು.

ಇಷ್ಟು ಹೇಳಿದರೂ ನೀವು ಹಾಕಿಸುತ್ತೀರಿ. ನಾನೂ ಹಾಕಿಸಿದ್ದೆನಲ್ಲ. ಹಾಕಿಸುವುದಾದರೆ ರಸೀದಿ, ಬೋಲ್ಟ್‌ಗಳನ್ನು ಎಷ್ಟು ಟಾರ್ಕ್‌ಗೆ ಬಿಗಿದರು ಎಂಬ ವಿವರ, ಕೆಲಸಕ್ಕೆ ಮೊದಲು ಮತ್ತು ಆಮೇಲೆ ಗಾಡಿಯ ಕೆಳಭಾಗದ ಚಿತ್ರ, ಇವು ಕೈಯಲ್ಲಿರಲಿ. ನಾಲ್ಕೂ ಟೈರ್ ಒಂದೇ ಸಮ ಸವೆದಿರಲಿ. ಮುಂದೆ ಹೊಸದು, ಹಿಂದೆ ಹಳೆಯದು ಹಾಕಿ ಟ್ರಾನ್ಸ್‌ಫರ್ ಕೇಸ್ ಕೆಡಿಸಿಕೊಂಡವರು ಶಾಫ್ಟ್ ಮುರಿದುಕೊಂಡವರಿಗಿಂತ ಹೆಚ್ಚು ಎಂಬುದು ನನ್ನ ಅನಿಸಿಕೆ. ನೆಲದ ಮೇಲೆ ಕಲೆ ಕಂಡ ದಿನವೇ ಡೀಲರಿಗೆ ಇಮೇಲ್ ಬರೆಯಿರಿ. ಕೌಂಟರಿನಲ್ಲಿ ಲಕ್ಷಣ ಮಾತ್ರ ಹೇಳಿ: ಯಾವ ವೇಗದಲ್ಲಿ, ಯಾವ ಕಡೆಯಿಂದ, ಎಂಥ ಸದ್ದು. ಸುಳ್ಳು ಹೇಳಿ ಎನ್ನುತ್ತಿಲ್ಲ. ನೇರವಾಗಿ ಕೇಳಿದರೆ ನೇರ ಉತ್ತರ ಕೊಡಿ. ರೇಸಿನಲ್ಲಿ ಮುರಿದದ್ದಾದರೆ ತೆಪ್ಪಗೆ ಹಣ ಕಟ್ಟಿ. ಆದರೆ ಯಾರೂ ಕೇಳದ ಶೌರ್ಯ ವರ್ಣಿಸಬೇಡಿ, ಓದದೆ ಸಹಿ ಹಾಕಬೇಡಿ. ಹೇಳಿಕೆಯ ಸಾಲು ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿಸಿ, ಹಿಂದೆ ಸಾಲುಗಟ್ಟಿದವರು ಗೊಣಗಲಿ. ತಿರಸ್ಕರಿಸಿದರೆ ಯಾವ ಭಾಗ, ಯಾವ ಕಾರಣಕ್ಕೆ ಎಂದು ಬರವಣಿಗೆಯಲ್ಲಿ ಕೇಳಿ. ನಾನಿರುವ ಮಿಶಿಗನ್ ರಾಜ್ಯದಲ್ಲಿ 7,000 ಡಾಲರ್‌ವರೆಗಿನ ತಕರಾರಿಗೆ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯವಿದೆ, ಅಲ್ಲಿ ವಕೀಲರೂ ಬೇಡ. ನಾನು ಸಹಿ ಹಾಕಿದ ಆ ಕಾಗದ ಇಲ್ಲದಿದ್ದಿದ್ದರೆ ನಾನೂ ಹೋಗುತ್ತಿದ್ದೆ.

ಇನ್ನು ತೆಗೆದ ಹಳೆಯ ಶಾಫ್ಟ್‌ಗಳನ್ನು ಯಾವ ಕಾರಣಕ್ಕೂ ಮಾರಬೇಡಿ, ನೆಲಮಾಳಿಗೆಯಲ್ಲಿ ಕಂಬಳಿ ಸುತ್ತಿ ಇಡಿ. ನನ್ನವನ್ನು 300 ಡಾಲರಿಗೆ ಒಹಾಯೋದವನೊಬ್ಬನಿಗೆ ಕೊಟ್ಟಿದ್ದೆ. ಹೋದ ವರ್ಷ ಗಾಡಿ ಮಾರಲು ಹೊರಟಾಗ, ಬಂದವರೆಲ್ಲ ಬಗ್ಗಿ ನೋಡಿ ಮೊದಲು ಕೇಳಿದ್ದು "ಒರಿಜಿನಲ್ ಎಲ್ಲಿ?" ಎಂದು. ಅವನಿಗೆ ಫೋನ್ ಮಾಡಿದೆ. ವಾಪಸ್ ಕೊಡಲು 900 ಕೇಳಿದ. ಕೊಟ್ಟೆ.